ಕೆಲಸಕ್ಕೆ ಬರುವ ಬರಹ
(ಕೊಲ್ಲಾಪುರ ಜಿಲ್ಲೆಯ ಆಜರಾದಲ್ಲಿ ನೀಡಿದ ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸಕ್ಕೆ ನಿಂತವರು ದತ್ತಿ ಇಟ್ಟವರನ್ನು ನೆನೆದು ಮಾತು ಶುರು ಮಾಡುವುದು ನಮ್ಮ ರೂಢಿ. ಅವರ ಜೊತೆಗೆ ಅವರು ಬರೆದಿಟ್ಟ ದತ್ತಿಪತ್ರವನ್ನೂ ನಾನು ನೆನೆಯುತ್ತೇನೆ. ದತ್ತಿಪತ್ರ ಬಹಳ ಸಾದಾ ಕಾಗದ. ಹಣ ಎಷ್ಟು, ಎಲ್ಲಿ ಇಡಬೇಕು, ಅಸಲಿಗೆ ಕೈ ಹಚ್ಚದೆ ಬಡ್ಡಿಯಲ್ಲಿ ಏನು ಮಾಡಬೇಕು, ಯಾರು ಮಾಡಬೇಕು, ಎಷ್ಟು ದಿನಕ್ಕೊಮ್ಮೆ ಮಾಡಬೇಕು, ಇಷ್ಟು ಅದರಲ್ಲಿರುತ್ತದೆ. ಉಪಮೆ ಇಲ್ಲ, ಪ್ರಾಸ ಇಲ್ಲ. ಆದರೂ ಬರೆದ ಕೈ ಇಲ್ಲವಾದ ಮೇಲೂ ಆ ಮಾತು ನಡೆಯುತ್ತದೆ. ಇವತ್ತು ನಾವೆಲ್ಲ ಇಲ್ಲಿ ಕೂತಿರುವುದು ಅಂಥ ಒಂದು ಕಾಗದದ ಮಾತಿಗೆ ಓಗೊಟ್ಟು.

ಕಾಲೇಜಿನಲ್ಲಿ ವ್ಯವಹಾರ ಬರಹ, ತಾಂತ್ರಿಕ ಬರಹ ಎಂಬ ಹೆಸರಿನಲ್ಲಿ ನಾವು ಕಲಿಸುವುದು ಇದನ್ನೇ. ಅರ್ಜಿ, ವರದಿ, ಕರಾರು, ಸುತ್ತೋಲೆ, ಯಂತ್ರ ನಡೆಸುವ ಸೂಚನೆ, ಬೆಲೆಪಟ್ಟಿ, ಸಭೆಯ ನಡವಳಿ. ಅನೇಕ ವರ್ಷ ಗಡಿಭಾಗದ ತರಗತಿಗಳಲ್ಲಿ ಇದನ್ನು ಕಲಿಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವ ಮಾತು ಒಂದೇ. ಈ ವಿದ್ಯೆ ನಮೂನೆಯ ವಿದ್ಯೆಯಲ್ಲ, ಹೊಣೆಯ ವಿದ್ಯೆ. ನಮ್ಮ ಎದುರಿಗಿಲ್ಲದ ಒಬ್ಬ ಮನುಷ್ಯ ನಮ್ಮ ಬರಹವನ್ನು ಓದಿ ಒಂದು ಕೆಲಸ ಮಾಡಬೇಕಾಗಿದೆ. ಅವನ ಕೈ ತಪ್ಪದಂತೆ ಬರೆಯುವುದೇ ಇಲ್ಲಿಯ ಪಾಠ. ಆ ಪಾಠ ಮೊದಲು ಮನೆಮಾತಿನಲ್ಲಿ ಕೈಗೆ ಹತ್ತಬೇಕು.

1. ಕಲ್ಲಿನ ಕಾಗದ

ದತ್ತಿ ಎಂಬ ಪದ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಲ್ಲಾಪುರ ಸೀಮೆಯನ್ನು ಆಳಿದ ಶಿಲಾಹಾರರ ಕಾಲದ ಅನೇಕ ಶಾಸನಗಳು ಕನ್ನಡದಲ್ಲಿವೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ.ಜಿ. ಕುಂದಣಗಾರರು ಉತ್ತರ ಕರ್ನಾಟಕದ ಹಾಗೂ ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಓದಿ, ಸಂಪಾದಿಸಿ, 1939ರಲ್ಲಿ ಪುಸ್ತಕವಾಗಿ ತಂದರು. 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಅವರೇ.

ಒಂದು ದಾನಶಾಸನವನ್ನು ವ್ಯವಹಾರ ಬರಹದ ವಿದ್ಯಾರ್ಥಿಯ ಕಣ್ಣಿನಿಂದ ಓದಿ ನೋಡಿ. ಮೊದಲು ದೇವರ ಸ್ತುತಿ, ಆಮೇಲೆ ಅರಸನ ಬಿರುದಾವಳಿ. ಅಲ್ಲಿಯವರೆಗೆ ಕವಿಯ ಕೈ. ಅಲ್ಲಿಂದ ಮುಂದೆ ಕರಣಿಕನ ಕೈ ಶುರುವಾಗುತ್ತದೆ. ಶಕವರ್ಷ ಎಷ್ಟು, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ವಾರ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಕೆಲಸಕ್ಕೆ ಕೊಟ್ಟರು. ನೆಲ ಎಷ್ಟು ಮತ್ತರು, ಎಷ್ಟು ಕಮ್ಮ. ಯಾವ ಕೋಲಿನಿಂದ ಅಳೆದದ್ದು ಎಂಬುದನ್ನೂ ಎಷ್ಟೋ ಶಾಸನಗಳು ಹೇಳುತ್ತವೆ, ಏಕೆಂದರೆ ಊರಿಂದ ಊರಿಗೆ ಕೋಲಿನ ಉದ್ದ ಬೇರೆ. ಮೂಡಣಕ್ಕೆ ಏನಿದೆ, ತೆಂಕಣಕ್ಕೆ ಏನಿದೆ, ಪಡುವಣಕ್ಕೆ, ಬಡಗಣಕ್ಕೆ ಏನಿದೆ. ಕೊನೆಗೆ ಸಾಕ್ಷಿಗಳು, ಮುರಿದವರಿಗೆ ಶಾಪ.

ಶಾಪವನ್ನು ಬಿಟ್ಟರೆ ಇವತ್ತಿನ ಖರೀದಿಪತ್ರದಲ್ಲಿ ಇರುವುದೂ ಇದೇ. ಕಲ್ಲು ಕೊರೆಯುವವನಿಗೆ ಒಂದೊಂದು ಅಕ್ಷರವೂ ಉಳಿಯ ಪೆಟ್ಟು, ಮೈಮುರಿಯುವ ದುಡಿಮೆ. ಅಷ್ಟಾದರೂ ಕೋಲಿನ ಹೆಸರನ್ನು ಅವನು ಬಿಡಲಿಲ್ಲ. ನೂರು ವರ್ಷದ ಮೇಲೆ ಜಗಳ ಬಂದರೆ ಅಳೆಯುವವನಿಗೆ ಅದು ಬೇಕಾಗುತ್ತದೆ ಎಂಬುದು ಬರೆಯಿಸಿದವನಿಗೆ ಗೊತ್ತಿತ್ತು. ತಾನು ಎಂದೂ ಕಾಣದ ಓದುಗನನ್ನು ಅವನು ಕಂಡಿದ್ದ.

ತಾಂತ್ರಿಕ ಬರಹವೂ ಕನ್ನಡಕ್ಕೆ ಹೊಸದಲ್ಲ. ಚಾಳುಕ್ಯರ ಆಸ್ಥಾನದಲ್ಲಿದ್ದ ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಮಳೆಯ ಲಕ್ಷಣ, ಬಾವಿಗೆ ನೀರಿನ ಸೆಲೆ ಹುಡುಕುವುದು, ಗಿಡಮರಗಳ ರೋಗಕ್ಕೆ ಮದ್ದು, ಅಡುಗೆ, ದನಕರುಗಳ ಚಿಕಿತ್ಸೆ ಎಲ್ಲವೂ ಇವೆ. 12ನೆಯ ಶತಮಾನದ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಅದೇ ಶತಮಾನದ ರಾಜಾದಿತ್ಯ ತನ್ನ ಗಣಿತಗ್ರಂಥಕ್ಕೆ ‘ವ್ಯವಹಾರಗಣಿತ’ ಎಂದೇ ಹೆಸರಿಟ್ಟ. ಬಸವಣ್ಣನವರು ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿದ್ದರೆಂದು ಪರಂಪರೆ ಹೇಳುತ್ತದೆ. ಲೆಕ್ಕದ ಕಡತ ಹಿಡಿದ ಕೈಯೇ ವಚನವನ್ನೂ ಬರೆದ ನಾಡು ಇದು. ವ್ಯವಹಾರ ಬರಹ ಎಂದಾಕ್ಷಣ ಅದು ಇಂಗ್ಲಿಷಿನ ಪಾಠ, ಸಾಹಿತ್ಯದ ವಿದ್ಯಾರ್ಥಿಗೆ ಕೀಳು ಪಾಠ ಎಂದು ಮೂಗು ಮುರಿಯುವ ಮಕ್ಕಳಿಗೆ ಮೊದಲು ಇದನ್ನು ಹೇಳಬೇಕು.

2. ಕೊಲ್ಲಾಪುರದ ಒಂದು ಆದೇಶ

ತರಗತಿಯಲ್ಲಿ ನಾನು ಪ್ರತಿ ವರ್ಷ ಓದಿಸುತ್ತಿದ್ದ ಒಂದು ಕಡತದ ಕಾಗದವಿದೆ. 1902ರ ಜುಲೈ 26ರಂದು ಕೊಲ್ಲಾಪುರದ ಛತ್ರಪತಿ ಶಾಹು ಮಹಾರಾಜರು ಹೊರಡಿಸಿದ ಆದೇಶ. ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಟ್ಟ ಆದೇಶ ಅದು. ಮಹಾರಾಜರು ಆಗ ಇಂಗ್ಲೆಂಡಿನಲ್ಲಿದ್ದರು. ಸಂಸ್ಥಾನದ ಗೆಜೆಟ್ಟಿನಲ್ಲಿ ಅಚ್ಚಾದ ಅದು ತೀರ ಚಿಕ್ಕದು. ಅದರ ಮಹತ್ವವನ್ನು ಇತಿಹಾಸದ ಅಧ್ಯಾಪಕರು ಹೇಳುತ್ತಾರೆ. ನಾನು ಅದರ ಬರವಣಿಗೆಯನ್ನು ತೋರಿಸುತ್ತಿದ್ದೆ.

ಎಷ್ಟು? ನೂರಕ್ಕೆ ಐವತ್ತು. ಯಾವಾಗಿನಿಂದ? ಆದೇಶ ಕೈಸೇರಿದ ದಿನದಿಂದ ಖಾಲಿಯಾಗುವ ಜಾಗಗಳಿಗೆ. ಯಾರಿಗೆ? ಹಿಂದುಳಿದವರು ಅಂದರೆ ಯಾರು ಎಂಬ ವಾದಕ್ಕೆ ಎಡೆಯಾಗದಂತೆ, ಯಾವ ಮುಂದುವರಿದ ಜಾತಿಗಳು ಅದರಲ್ಲಿ ಸೇರುವುದಿಲ್ಲ ಎಂಬುದನ್ನು ಹೆಸರು ಹಿಡಿದು ಹೇಳಿದೆ. ಒಂದು ಕಚೇರಿಯಲ್ಲಿ ಈಗಲೇ ಅರ್ಧಕ್ಕಿಂತ ಕಡಿಮೆ ಇದ್ದರೆ? ಮುಂದಿನ ನೇಮಕ ಆ ವರ್ಗದವರಿಗೇ ಹೋಗಬೇಕು. ಇದೆಲ್ಲ ನಡೆಯಿತೋ ಇಲ್ಲವೋ ತಿಳಿಯುವುದು ಹೇಗೆ? ಪ್ರತಿಯೊಂದು ಕಚೇರಿಯ ಮುಖ್ಯಸ್ಥ ಮೂರು ತಿಂಗಳಿಗೊಮ್ಮೆ ನೇಮಕಗಳ ಪಟ್ಟಿ ಕಳಿಸಬೇಕು.

ಕೊನೆಯ ಈ ಸಾಲನ್ನು ಮುಚ್ಚಿಟ್ಟು, ‘ಇದಿಲ್ಲದಿದ್ದರೆ ಏನಾಗುತ್ತಿತ್ತು?’ ಎಂದು ಕೇಳುತ್ತಿದ್ದೆ. ಹುಡುಗರು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ಹಿಂದಿನ ಬೆಂಚಿನಿಂದ ಉತ್ತರ ಬರುತ್ತಿತ್ತು: ‘ಸರ್, ಆದೇಶ ಗೆಜೆಟ್ಟಿನಾಗ ಉಳೀತಿತ್ತು.’ ಹೌದು. ಒಳ್ಳೆಯ ಮನಸ್ಸು ಇದ್ದರೆ ಆದೇಶ ಹುಟ್ಟುತ್ತದೆ. ಅದು ನಡೆಯುವುದು ಮೂರು ತಿಂಗಳ ಪಟ್ಟಿಯಿಂದ. ಕರುಣೆಯನ್ನು ಕಾಗದದ ಮೇಲೆ ಇಳಿಸುವವನಿಗೆ ಲೆಕ್ಕ ಕೇಳುವ ಸಾಲನ್ನು ಬರೆಯಲೂ ಬರಬೇಕು. ವ್ಯವಹಾರ ಬರಹಕ್ಕೆ ಇಷ್ಟು ದೊಡ್ಡ ಕೆಲಸ ಮಾಡುವ ಶಕ್ತಿಯಿದೆ ಎಂಬುದಕ್ಕೆ ನಾವು ದೂರದ ಉದಾಹರಣೆ ಹುಡುಕಬೇಕಾಗಿಲ್ಲ.

3. ಹೊಲ ಯಾವುದು?

ನನ್ನ ಸ್ವಂತ ಪಾಠ ತಡವಾಗಿ ಬಂತು. ಬಿ.ಎ. ಓದುತ್ತಿದ್ದಾಗ ನಮ್ಮ ಹೊಲದ ಸಾತ್‌ಬಾರಾ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಪ್ಪನ ಹೆಸರು ತಪ್ಪಾಗಿ ಬಿದ್ದಿತ್ತು. ಕಾಲೇಜು ಕಲಿತ ಮಗನೆಂದು ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಪುಟ ಬರೆದೆ. ಅಪ್ಪನ ಬಡತನ, ಸಾಲ, ತಿರುಗಾಟ, ಎಲ್ಲವನ್ನೂ ಬರೆದೆ. ಒಂದು ಕಚೇರಿಯಿಂದ ಅದು ಎರಡು ಸಲ ತಿರುಗಿ ಬಂತು. ಮೂರನೆಯ ಸಲ ಒಬ್ಬ ವಯಸ್ಸಾದ ಕಾರಕೂನರು ನನ್ನನ್ನು ಕೂರಿಸಿಕೊಂಡು ಕನ್ನಡದಲ್ಲೇ ಹೇಳಿದರು: ‘ತಮ್ಮಾ, ನಿನ್ನ ದುಃಖ ಏನಂತ ತಿಳೀತು. ನಿನ್ನ ಹೊಲ ಯಾವುದಂತ ತಿಳೀಲಿಲ್ಲ.’

ಹೊಲದ ಗಟ್ ನಂಬರು ಬರೆದಿರಲಿಲ್ಲ. ಯಾವ ಫೇರಫಾರದಲ್ಲಿ, ಅಂದರೆ ಹಕ್ಕು ಬದಲಾವಣೆಯ ಯಾವ ನೋಂದಣಿಯಲ್ಲಿ, ಹೆಸರು ತಪ್ಪಿತೆಂದು ಬರೆದಿರಲಿಲ್ಲ. ಸರಿಯಾದ ಹೆಸರಿಗೆ ಪುರಾವೆ ಯಾವುದೆಂದು ಹೇಳಿ ಅಡಕ ಇಟ್ಟಿರಲಿಲ್ಲ. ಅವರು ಹೇಳಿದಂತೆ ಏಳು ಸಾಲಿನಲ್ಲಿ ಮತ್ತೆ ಬರೆದೆ, ಕೆಲಸ ಆಯಿತು. ಆ ಎರಡು ಪುಟ ಬರೆಯುವಾಗ ನನ್ನ ಕಣ್ಣ ಮುಂದೆ ಅಪ್ಪ ಮಾತ್ರ ಇದ್ದ. ಕಡತ ಬಿಚ್ಚಿ ಹೆಸರು ತಿದ್ದಬೇಕಾದ ಮನುಷ್ಯ ಇರಲಿಲ್ಲ. ಮುಂದೆ ಅಧ್ಯಾಪಕನಾದ ಮೇಲೆ ಯಾವ ಮಗುವಿನ ಅರ್ಜಿ ತಿದ್ದುವಾಗಲೂ ‘ಹೊಲ ಯಾವುದು?’ ಎಂದು ಮೊದಲು ಹುಡುಕಿದ್ದೇನೆ.

4. ಮೊದಲ ಎಣ್ಣಿ

ಆಜರಾ ಎಂದರೆ ಗೋಡಂಬಿ, ನಮ್ಮೆಲ್ಲರ ಬಾಯಲ್ಲಿ ಕಾಜು. ಒಂದು ವರ್ಷ ತರಗತಿಗೆ ಒಂದು ಕೆಲಸ ಕೊಟ್ಟೆ: ನಿಮ್ಮ ಮನೆಯವರು ಮಾಡುವ ಯಾವುದಾದರೂ ಕಸುಬನ್ನು, ಅದನ್ನು ಎಂದೂ ಮಾಡದವರಿಗೆ ತಿಳಿಯುವಂತೆ ಬರೆಯಿರಿ. ಕಾಜು ಕಾರಖಾನೆಯಲ್ಲಿ ಬೀಜ ಒಡೆಯುವ ಕೆಲಸ ಮಾಡುವ ತಾಯಿಯ ಮಗಳೊಬ್ಬಳು ಆ ಕೆಲಸವನ್ನೇ ಆರಿಸಿಕೊಂಡಳು. ಮೊದಲ ಬರಹ ಪ್ರಬಂಧದ ಹಾಗಿತ್ತು. ಗೋಡಂಬಿ ಪೌಷ್ಟಿಕ ಆಹಾರ ಎಂದು ಶುರುವಾಗಿ, ಬೀಜವನ್ನು ಜಾಗರೂಕತೆಯಿಂದ ಒಡೆಯತಕ್ಕದ್ದು ಎಂದು ಮುಗಿದಿತ್ತು.

‘ನಿಮ್ಮ ಅವ್ವ ನಾಳೆ ರಜೆ ಹಾಕಿದರೆ, ಅವರ ಜಾಗಕ್ಕೆ ಬಂದ ಹೊಸ ಹೆಣ್ಣುಮಗಳು ಇದನ್ನು ಓದಿ ಬೀಜ ಒಡೆಯಬಲ್ಲಳಾ?’ ಎಂದು ಕೇಳಿದೆ. ಅವಳು ಎರಡು ದಿನ ತಾಯಿಯ ಪಕ್ಕ ಕೂತು ನೋಡಿ ಮತ್ತೆ ಬರೆದಳು. ಹಬೆಯಲ್ಲಿ ಬೇಯಿಸಿ ಆರಿಸಿದ ಬೀಜವನ್ನು ಎರಡು ಅಲಗಿನ ನಡುವೆ ಹೇಗೆ ಇಡಬೇಕು, ಕೈಹಿಡಿಕೆಯನ್ನು ಯಾವಾಗ ಎಳೆಯಬೇಕು, ಕಾಲಿನ ಪೆಡಲನ್ನು ಯಾವಾಗ ತುಳಿಯಬೇಕು, ತಿರುಳು ತುಂಡಾಗದಂತೆ ಸಿಪ್ಪೆಯಿಂದ ಹೇಗೆ ಬಿಡಿಸಬೇಕು, ಒಂದೊಂದಾಗಿ ಎಂಟು ಹೆಜ್ಜೆ. ಕೊನೆಯಲ್ಲಿ ಒಂದು ಸೂಚನೆ: ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಆದ್ದರಿಂದ ಕೈಗೆ ಎಣ್ಣೆ ಹಚ್ಚಿಕೊಂಡಿರಬೇಕು.

ನನಗೆ ಅದು ಸರಿಯಾಗಿಯೇ ಕಂಡಿತು, ಅಂಕವನ್ನೂ ಕೊಟ್ಟೆ. ‘ಇದನ್ನು ಅವ್ವನಿಗೆ ಓದಿ ಹೇಳು’ ಎಂದು ಕಳಿಸಿದೆ. ಮರುದಿನ ಅವಳು ತಾಯಿಯ ಮಾತನ್ನು ಹೊತ್ತು ತಂದಳು: ‘ಸುಟ್ಟ ಮ್ಯಾಲ ಓದಿ ಏನ್ ಮಾಡ್ಲಿ? ಮೊದಲ ಎಣ್ಣಿ ಬರಿ, ಆಮ್ಯಾಲ ಬೀಜ ಬರಿ.’

ಎಚ್ಚರಿಕೆಯ ಮಾತು ಅಪಾಯದ ಹೆಜ್ಜೆಗಿಂತ ಮುಂಚೆ ಬರಬೇಕು. ಜಗತ್ತಿನ ಯಾವ ತಾಂತ್ರಿಕ ಬರವಣಿಗೆಯ ಪುಸ್ತಕ ತೆಗೆದರೂ ಈ ನಿಯಮ ಇರುತ್ತದೆ. ನಾನೂ ಅದನ್ನು ಓದಿದ್ದೆ, ಪಾಠವನ್ನೂ ಮಾಡಿದ್ದೆ. ಆದರೆ ಅದು ಎಷ್ಟು ಸತ್ಯವೆಂದು ಕಂಡದ್ದು ಆ ತಾಯಿ ಹೇಳಿದಾಗ. ಆಕೆಗೆ ಅದು ಬರಹದ ನಿಯಮವಾಗಿರಲಿಲ್ಲ, ತನ್ನ ಬೆರಳಿನ ಸಂಗತಿಯಾಗಿತ್ತು. ಆ ವರ್ಷದಿಂದ ನನ್ನ ತರಗತಿಯ ಬರಹಗಳನ್ನು ಕಸುಬಿನವರೇ ಮೊದಲು ತಿದ್ದುತ್ತಿದ್ದರು, ನಾನು ಆಮೇಲೆ.

ಕಸುಬಿನ ಜನ ಬರಹದಲ್ಲಿ ಎಷ್ಟು ಬಿಗಿಯಾಗಿರುತ್ತಾರೆ ನೋಡಿ. ಕಾಜು ಚೀಲದ ಮೇಲೆ ಡಬ್ಲ್ಯೂ-320 ಎಂದು ಬರೆದಿರುತ್ತದೆ. ಬಿಳಿಯ ಇಡೀ ತಿರುಳು, ಒಂದು ಪೌಂಡಿಗೆ 300ರಿಂದ 320 ತೂಗುತ್ತದೆ ಎಂದು ಅದರ ಅರ್ಥ. 240 ಎಂದಿದ್ದರೆ 220ರಿಂದ 240. ಸಂಖ್ಯೆ ಇಳಿದಷ್ಟೂ ತಿರುಳು ದಪ್ಪ, ಬೆಲೆ ಹೆಚ್ಚು. ಆಜರಾದಲ್ಲಿ ಕೂತ ವ್ಯಾಪಾರಿಯೂ ಸಮುದ್ರದಾಚೆ ಕೂತ ವ್ಯಾಪಾರಿಯೂ ಚೀಲ ಬಿಚ್ಚದೆ ಒಂದೇ ವಸ್ತುವನ್ನು ಕಾಣುತ್ತಾರೆ.

ಇಚಲಕರಂಜಿಗೆ ಹೋಗೋಣ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಕನ್ನಡ ಮಾತಾಡುವ ಎಷ್ಟೋ ಮನೆಗಳ ಒಲೆ ಉರಿಸಿದ ಊರು ಅದು. ಅಲ್ಲಿ ಕೇಂಬ್ರಿಕ್ ಬಟ್ಟೆಯ ಆರ್ಡರಿನ ಮೇಲೆ 60×60 / 92×88 ಎಂದು ಬರೆಯುತ್ತಾರೆ. ಹಾಸಿನ ನೂಲು 60 ನಂಬರು, ಹೊಕ್ಕಿನ ನೂಲು 60 ನಂಬರು, ಒಂದು ಇಂಚಿಗೆ ಹಾಸಿನ ಎಳೆ 92, ಹೊಕ್ಕಿನ ಎಳೆ 88. ನಾಲ್ಕು ಅಂಕಿಯಲ್ಲಿ ಇಡೀ ಕರಾರು. ಇದರಲ್ಲಿ ಒಂದು ಅಂಕಿ ತಪ್ಪಿದರೆ ಬಟ್ಟೆ ತಿರುಗಿ ಬರುತ್ತದೆ, ನೇಕಾರನ ದಿನಗಳು ಹಾಳಾಗುತ್ತವೆ. ‘ಉತ್ತಮ ಗುಣಮಟ್ಟದ ಬಟ್ಟೆ ಕಳಿಸಿಕೊಡಿ’ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾಗುವ ನಮ್ಮ ವಿದ್ಯಾರ್ಥಿ ಆ ಪೇಟೆಯಲ್ಲಿ ನಿಂತರೆ ಅವನ ಪತ್ರಕ್ಕೆ ಯಾರೂ ಒಂದು ಗಜ ಬಟ್ಟೆ ಕಳಿಸುವುದಿಲ್ಲ.

5. ಮಾಡುವವರು ಯಾರು?

ಕಚೇರಿಯ ಕನ್ನಡದ ವಿಷಯಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ 1963ರಲ್ಲಿ ಆಡಳಿತ ಭಾಷಾ ಅಧಿನಿಯಮ ಬಂತು. ಅಲ್ಲಿಂದೀಚೆಗೆ ಆಡಳಿತದ ಮೇಜಿನ ಮೇಲೆ ಸುತ್ತೋಲೆ, ನಡವಳಿ, ಟಿಪ್ಪಣಿ, ಅಡಕದಂಥ ಒಳ್ಳೆಯ ಪದಗಳು ನೆಲೆಯಾದವು. ಸುತ್ತಿ ಬರುವ ಓಲೆ ಸುತ್ತೋಲೆ. ಕೇಳಿದ ಕೂಡಲೇ ಅರ್ಥವಾಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕನ್ನಡದ ಪಾಠ ಇಟ್ಟಿದೆ, ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ವೆಂದು ಬೇರೆಯ ಪಾಠವಿದೆ. ಇವೆಲ್ಲ ಸಂತೋಷದ ಸಂಗತಿಗಳು.

ಆದರೆ ನಮ್ಮ ಕಚೇರಿಯ ವಾಕ್ಯದಲ್ಲಿ ಒಂದು ರೋಗ ಸೇರಿಕೊಂಡಿದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಯಾರು ಕೈಗೊಳ್ಳುತ್ತಾರೆ? ‘ಪರಿಶೀಲಿಸಲಾಗುತ್ತಿದೆ.’ ಯಾರು, ಯಾವ ದಿನಾಂಕದೊಳಗೆ? ಈ ‘ಲಾಗುವುದು’ ಎಂಬ ಬಾಲ ಹಿಡಿದ ವಾಕ್ಯದಲ್ಲಿ ಕೆಲಸ ಇರುತ್ತದೆ, ಕೆಲಸಗಾರ ಇರುವುದಿಲ್ಲ. ಕನ್ನಡ ಆಡುಮಾತಿಗೆ ಈ ಜಾಯಮಾನವೇ ಇಲ್ಲ. ನಮ್ಮ ಮನೆಯಲ್ಲಿ ಯಾರೂ ‘ಎಮ್ಮೆಯನ್ನು ಕಟ್ಟಲಾಗಿದೆ’ ಅನ್ನುವುದಿಲ್ಲ. ‘ಎಮ್ಮಿ ಯಾರ ಕಟ್ಟಿದ್ರು?’ ಅಂದರೆ ‘ಕಾಕಾ ಕಟ್ಟ್ಯಾನ’ ಅನ್ನುತ್ತೇವೆ. ತರಗತಿಯಲ್ಲಿ ನಾನು ಮಾಡಿಸುತ್ತಿದ್ದ ಅಭ್ಯಾಸ ಇದು: ಒಂದು ಪತ್ರ ತೆಗೆದುಕೊಳ್ಳಿ, ‘ಲಾಗುವುದು’ ಎಂದಿರುವಲ್ಲೆಲ್ಲ ಮಾಡುವವರ ಹುದ್ದೆ ಮತ್ತು ದಿನಾಂಕ ಬರೆಯಿರಿ. ಬರೆಯಲು ಆಗದಿದ್ದರೆ ಆ ವಾಕ್ಯದಲ್ಲಿ ಹೇಳುವುದೇನೂ ಇಲ್ಲ ಎಂದು ತಿಳಿಯಿರಿ.

ಮನೆಮಾತಿನಲ್ಲಿ ಮೊದಲು ಕಲಿಯಬೇಕು ಎಂದದ್ದು ಇದಕ್ಕೆ. ಯಾರು, ಏನು, ಯಾವಾಗ ಎಂಬ ಬಿಗಿ ನಮ್ಮ ಮಾತಿನಲ್ಲಿ ಆಗಲೇ ಇದೆ. ಬರಹಕ್ಕೆ ಇಳಿದಾಗ ಅದನ್ನು ಕಳೆದುಕೊಳ್ಳುತ್ತೇವೆ. ಕನ್ನಡದಲ್ಲಿ ತಿಳಿಯಾಗಿ ಸೂಚನೆ ಬರೆಯಲು ಬಂದ ಮಗುವಿಗೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರೆಯುವುದು ಪದಗಳ ಕಷ್ಟ ಮಾತ್ರ. ಕನ್ನಡದಲ್ಲೇ ಬಾರದವನಿಗೆ ಇಂಗ್ಲಿಷಿನ ನಮೂನೆ ಉರು ಹೊಡೆಸಿದರೆ ಅವನ ಕೈಯಲ್ಲಿ ನಮೂನೆ ಉಳಿಯುತ್ತದೆ, ವಿಷಯ ಇರುವುದಿಲ್ಲ. ಮೂರು ಭಾಷೆಯ ನಡುವೆ ಬೆಳೆಯುವುದು ಈ ಭಾಗದ ಮಕ್ಕಳಿಗೆ ದೊಡ್ಡ ಅನುಕೂಲ. ಒಂದೇ ಸಂಗತಿಯನ್ನು ಅವ್ವನಿಗೆ ಕನ್ನಡದಲ್ಲಿ, ಪಂಚಾಯಿತಿಗೆ ಮರಾಠಿಯಲ್ಲಿ, ಹೊರಗಿನ ಗಿರಾಕಿಗೆ ಇಂಗ್ಲಿಷಿನಲ್ಲಿ ಬರೆಯಿಸಿ ನೋಡಿ. ಓದುಗ ಬದಲಾದರೆ ಯಾವ ಮಾತು ಮೊದಲು ಬರಬೇಕೆಂಬುದೂ ಬದಲಾಗುತ್ತದೆ ಎಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

6. ಬರೆದಿಟ್ಟವರಿಗೆ ಹಕ್ಕು

ನಿಮ್ಮೂರಿನ ಘನಸಾಳ ಅಕ್ಕಿಯ ಪರಿಮಳ ಯಾರಿಗೆ ಗೊತ್ತಿಲ್ಲ? ಆದರೆ ‘ಆಜರಾ ಘನಸಾಳ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದದ್ದು 2016ರಲ್ಲಿ. ಮೂಗಿಗೆ ತಿಳಿದದ್ದನ್ನು ಕಾನೂನು ಒಪ್ಪುವುದಿಲ್ಲ. 1999ರ ಕಾಯಿದೆಯ ಪ್ರಕಾರ ಅರ್ಜಿ ಬರೆಯಬೇಕು. ವಸ್ತುವಿನ ಗುಣ ಏನು, ಆ ಗುಣಕ್ಕೂ ಈ ನೆಲ, ಹವೆ, ಜನರ ಕೈಚಳಕಕ್ಕೂ ಏನು ಸಂಬಂಧ, ಎಲ್ಲಿಂದ ಎಲ್ಲಿಯವರೆಗಿನ ಪ್ರದೇಶ, ಬೆಳೆಯುವವರು ಯಾರು, ಎಲ್ಲವನ್ನೂ ನಕಾಶೆಯ ಸಮೇತ ಹೇಳಬೇಕು. ಹಳೆಯ ಶಾಸನದ ಚತುಸ್ಸೀಮೆ ಇಲ್ಲಿ ನಕಾಶೆಯಾಗಿ ಬಂದಿದೆ.

ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಈ ಮಾನ್ಯತೆ ದಕ್ಕಿತು. ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಈ ಎಂಟು ಜಿಲ್ಲೆಗಳಿಗೆ ಒಂದೇ ಹಕ್ಕು. ಗಡಿಯ ಎರಡೂ ಕಡೆಯ ಕುಶಲಕರ್ಮಿಗಳ ಹೆಸರನ್ನು ಒಂದೇ ಕಾಗದ ಕೂಡಿಸಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ಇಲ್ಲಿಂದ ಆಕ್ಷೇಪ ಎದ್ದಿತು. ಆ ವಿನ್ಯಾಸಕ್ಕೆ ಭಾರತದ ಕರಕುಶಲ ಚಪ್ಪಲಿಯೇ ಸ್ಫೂರ್ತಿ ಎಂದು ಕಂಪನಿ ಒಪ್ಪಿಕೊಂಡಿತು. ಜನ ದನಿ ಎತ್ತಿದಾಗ ಅವರ ಕೈಯಲ್ಲಿ ತೋರಿಸಲು ಒಂದು ನೋಂದಣಿ ಇತ್ತು. ಆ ಅರ್ಜಿಗಳನ್ನು ಸಾಲು ಸಾಲಾಗಿ ಬರೆದವರ ಹೆಸರು ನಮಗೆ ಗೊತ್ತಿಲ್ಲ. ಅವರ ಬರಹ ಮಾತ್ರ ಸಾವಿರಾರು ಕುಟುಂಬಗಳ ಬೆನ್ನಿಗೆ ನಿಂತಿದೆ.

ಸಾಹಿತ್ಯ ಓದುವ ಮಕ್ಕಳಿಗೆ ಒಂದು ಮಾತು. ‘ಮೃತ್ಯುಂಜಯ’ ಎಂಬ ಮರಾಠಿ ಕಾದಂಬರಿ ಬರೆದ ಶಿವಾಜಿ ಸಾವಂತರು ಹುಟ್ಟಿದ್ದು ಈ ಆಜರಾದಲ್ಲಿ, 1940ರಲ್ಲಿ. ಅವರು ವಾಣಿಜ್ಯದ ಡಿಪ್ಲೊಮಾ ಮಾಡಿ, ಟೈಪಿಂಗ್, ಶೀಘ್ರಲಿಪಿ ಕಲಿತು, ಕೋರ್ಟಿನಲ್ಲಿ ಕಾರಕೂನರಾಗಿ ಕೆಲಸ ಮಾಡಿದವರು. ಆಮೇಲೆ ಕೊಲ್ಲಾಪುರದಲ್ಲಿ ಶಿಕ್ಷಕರಾದರು. 1967ರಲ್ಲಿ ಬಂದ ಅವರ ಕಾದಂಬರಿಯನ್ನು ಭಾರತವೇ ಓದಿತು. ಕಚೇರಿಯ ಬರಹ ಕಲಿತರೆ ಕಲ್ಪನೆ ಬತ್ತುತ್ತದೆ ಎಂದು ಹೆದರುವವರಿಗೆ ಈ ಊರೇ ಉತ್ತರ ಕೊಟ್ಟಿದೆ.

ಈಗ ಮೊಬೈಲಿಗೆ ಹೇಳಿದರೆ ಅದೇ ಅರ್ಜಿ ಬರೆದುಕೊಡುತ್ತದೆ, ಇನ್ನೇಕೆ ಪಾಠ ಎಂದು ಕೇಳುವವರಿದ್ದಾರೆ. ಯಂತ್ರ ವಾಕ್ಯ ಕೊಡಬಹುದು. ನಿಮ್ಮ ಗಟ್ ನಂಬರು, ನಿಮ್ಮ ಬಟ್ಟೆಯ ಎಳೆಯ ಲೆಕ್ಕ, ನಿಮ್ಮ ಅವ್ವನ ಬೆರಳು ಅದಕ್ಕೆ ಗೊತ್ತಿಲ್ಲ. ಕೆಳಗೆ ಸಹಿ ಹಾಕುವವರು ನೀವು.

ಕೊನೆಯದಾಗಿ ಅಧ್ಯಾಪಕ ಬಂಧುಗಳಲ್ಲಿ ಮೂರು ಬೇಡಿಕೆ. ವಿದ್ಯಾರ್ಥಿ ಬರೆಯುವ ಪ್ರತಿಯೊಂದು ಪತ್ರಕ್ಕೂ ನಿಜವಾದ ಒಬ್ಬ ಓದುಗ ಇರಲಿ. ಅಂಕ ಕೊಡುವ ಮೊದಲು ಆ ಬರಹವನ್ನು ಕೆಲಸ ಮಾಡುವವರ ಕೈಗೆ ಕೊಟ್ಟು ನೋಡಿ. ಮಗ್ಗ, ಕಾಜು, ಭತ್ತ, ಚಪ್ಪಲಿ, ಹಾಲಿನ ಡೇರಿ, ಈ ಕಸುಬುಗಳಲ್ಲಿ ಜನ ಆಡುವ ಕನ್ನಡ ಪದಗಳನ್ನು ಮಕ್ಕಳಿಂದ ಕೂಡಿಸಿ ವರ್ಷಕ್ಕೊಂದು ಚಿಕ್ಕ ಪುಸ್ತಕ ಮಾಡಿ. ನಾಳೆಯ ತಾಂತ್ರಿಕ ಕನ್ನಡ ಅಲ್ಲಿಂದ ಹುಟ್ಟುತ್ತದೆ.

ಆ ಹುಡುಗಿ ಮೂರನೆಯ ಸಲ ಬರೆದ ಹಾಳೆ ತರಗತಿಗೆ ತಿರುಗಿ ಬರಲಿಲ್ಲ. ಕಾರಖಾನೆಯ ಹೆಣ್ಣುಮಕ್ಕಳು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದರು. ಕೆಲವು ತಿಂಗಳ ಮೇಲೆ ಹೋಗಿ ನೋಡಿದೆ. ಮೊದಲ ಸಾಲು ‘ಬೀಜ ಮುಟ್ಟುವ ಮುಂಚೆ ಎರಡೂ ಕೈಗೆ ಎಣ್ಣೆ ಹಚ್ಚಿಕೊಳ್ಳಿ’ ಎಂದಿತ್ತು. ಆ ಸಾಲಿನ ಕೆಳಗೆ, ಬೆರಳಿಟ್ಟು ಓದಿದ ಕಡೆಯಲ್ಲೆಲ್ಲ, ಕಾಗದಕ್ಕೆ ಎಣ್ಣೆಯ ಕಲೆ ಹತ್ತಿತ್ತು.